ಎಲ್ಲದಕ್ಕೂ ಒಂದೇ ಜೋಡಿ

ಅಂಗಡಿ ಸೇರಿ ಮೂರನೆಯ ತಿಂಗಳು.
ಪಾಠ ಬಾಯಿಗೆ ಬಂದಿತ್ತು:
ಓಡುವುದಕ್ಕೆ ಇದು, ನಡೆಯುವುದಕ್ಕೆ ಇದು,
ಸುಮ್ಮನೆ ನಿಂತು ಚೆಂದ ಕಾಣುವುದಕ್ಕೆ ಅದೋ, ಆ ಮೇಲಿನ ಸಾಲು.

ಬುಸಾನಿನ ಮಾರ್ಚ್ ಗಾಳಿ ಬಾಗಿಲು ತಳ್ಳಿತು,
ಹಿಂದೆಯೇ ಆಕೆ. ಅರವತ್ತೈದಿರಬಹುದು.
ಕೈಚೀಲದಿಂದ ಈರುಳ್ಳಿ ಸೊಪ್ಪು ಇಣುಕುತ್ತಿತ್ತು.
"ಕಾಲಿನ ಹರಡು ಮುಚ್ಚಬಾರದು," ಎಂದಳು ಕೂರುವ ಮೊದಲೇ,
"ಎಲ್ಲದಕ್ಕೂ ಆಗಬೇಕು. ಒಂದೇ ಜೋಡಿ."

ಎಲ್ಲದಕ್ಕೂ ಅಂದರೆ? ಕೇಳಿದೆ. ಪಾಠದ ಎರಡನೇ ಪುಟ.

ಅಂದರೆ ಬೆಳಗಿನ ನಾಲ್ಕಕ್ಕೆ ಮೀನು ಸಂತೆಯ ಒದ್ದೆ ನೆಲ,
ಅಂದರೆ ಚೊರ್ಯಾಂಗ್ ಗುಡ್ಡದ ಮೆಟ್ಟಿಲು, ಇಳಿಯುವಾಗಲೇ ಕಷ್ಟ ಹೆಚ್ಚು,
ಅಂದರೆ ಬುಧವಾರ ಡಯಾಲಿಸಿಸ್ ವಾರ್ಡಿನಲ್ಲಿ
ತಮ್ಮನ ಪಕ್ಕ ಸದ್ದಾಗದ ಹಾಗೆ ಕೂತಿರುವುದು,
ಅಂದರೆ ಏಪ್ರಿಲಿನಲ್ಲಿ ತಂಗಿಯ ಮಗಳ ಮದುವೆ.
"ಮತ್ತೆ ಸಾವಿನ ಮನೆ. ಈ ವಯಸ್ಸಿಗೆ ತಿಂಗಳಿಗೊಂದು ಇದ್ದೇ ಇದೆ.
ಊಟಕ್ಕೆ ಕೂರುವ ಮುಂಚೆ ಬಾಗಿಲಲ್ಲಿ ಕಳಚಬೇಕು,
ಹಿಮ್ಮಡಿ ತುಳಿದು ತುಳಿದು ಸೊಟ್ಟಗಾಗಬಾರದು."

ಬಿಳಿಯದು ತಂದೆ. "ಮದುವೆಗೆ ಸರಿ, ಮೀನಿಗಲ್ಲ."
ಕಪ್ಪು ತಂದೆ. "ಸಾವಿಗೆ ಸರಿ, ಮದುಮಗಳು ಅತ್ತಾಳು."
ಕೆಂಪು ಪಟ್ಟೆಯದನ್ನು ತಂದದ್ದಕ್ಕೆ
ಮಾತೇ ಆಡಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೆ.

ಕೊನೆಗೆ ಕೆಳಸಾಲಿನಿಂದ, ಯಾರೂ ಕೇಳದ ಬಣ್ಣ:
ಅಕ್ಕಿ ತೊಳೆದ ನೀರಿಗೆ ಚೂರು ಬೂದಿ ಬಿದ್ದಂತೆ.
ಕೈಗೆತ್ತಿಕೊಂಡಳು. ಮೆಟ್ಟಲಿಲ್ಲ.
ಮೂತಿ ಹಿಡಿದು ಮಡಚಿ, ಎಲ್ಲಿ ಬಾಗುತ್ತದೆ ನೋಡಿದಳು.
ಅಟ್ಟೆಗೂ ಬಟ್ಟೆಗೂ ನಡುವಿನ ಗೆರೆಯ ಮೇಲೆ
ಹೆಬ್ಬೆರಳು ಆಡಿಸುತ್ತ ಹೋದಳು,
ಮಗುವಿನ ವಸಡಿನಲ್ಲಿ ಹಲ್ಲು ಹುಡುಕುವ ಹಾಗೆ.
ಆಮೇಲೆ ಮೂಸಿದಳು.

"ಗೋಂದಿಗೆ ಈಗ ವಾಸನೆಯೇ ಇಲ್ಲ."
ಒಳ್ಳೆಯದಲ್ಲವೇ, ಎಂದೆ.
"ಒಳ್ಳೆಯದೇ. ನಮಗೆ ಕನಸಿಗೂ ಅದೇ ವಾಸನೆ ಬರುತ್ತಿತ್ತು.
ನಾನು ಎಡಗಾಲಿನವಳು. ಏಳು ವರ್ಷ
ಬರೀ ಎಡಗಾಲಿನ ಅಟ್ಟೆ ಅಂಟಿಸಿದೆ.
ಬಲಗಾಲಿನವಳು ಎದುರಿಗೆ, ಕಿಮ್ಹೇ ಕಡೆಯವಳು, ಪಿಲ್ಸುನ್.
ನಾವಿಬ್ಬರೂ ಸೇರಿದರೆ ಒಂದು ಜೋಡಿ.
ಹಡಗು ಹತ್ತಿ ಹೋಗುತ್ತಿದ್ದವು. ಯಾರು ಮೆಟ್ಟಿದರೋ.
ನಮ್ಮ ಕಾಲಿಗೆ ರಬ್ಬರ್ ಚಪ್ಪಲಿ."

ಇದಕ್ಕೆ ನನ್ನ ಪಾಠದಲ್ಲಿ ಪುಟವಿರಲಿಲ್ಲ.
ಅಳತೆಪಟ್ಟಿ ತಂದೆ.
ಪೆಡಲು ತುಳಿದ ಎಡಗಾಲು ಇನ್ನೂರ ನಲವತ್ತು,
ಬಲಗಾಲು ಇನ್ನೂರ ಮೂವತ್ತೈದೂ ತುಂಬದು.
ಎರಡು ಡಬ್ಬಿಯಿಂದ ಒಂದೊಂದು ಕೊಡಲು ಬರುವುದಿಲ್ಲ ಅಮ್ಮಾ.
"ಗೊತ್ತು," ಎಂದಳು. "ಸಾಲಿನ ಕೊನೆಯಲ್ಲಿ
ಜೋಡಿ ಕೂಡಿಸುವವಳಿಗೂ ಹಾಗೇ ಹೇಳಿಕೊಟ್ಟಿದ್ದರು."

ದೊಡ್ಡದನ್ನೇ ಮೆಟ್ಟಿ, ಲೇಸು ಬಿಗಿದು
(ಬಿಗಿದರೆ ತಾನೇ ಲೇಸು)
ಕನ್ನಡಿಯ ಕಡೆ ನೋಡದೆ ಅಂಗಡಿಯ ಉದ್ದಕ್ಕೂ ನಡೆದಳು.
ನುಣುಪು ನೆಲದ ಮೇಲೆ ಬೇಕೆಂದೇ ಉಜ್ಜಿದಳು. ಕೀಚೆನ್ನಲಿಲ್ಲ.
ಒಂಟಿಕಾಲಲ್ಲಿ ನಿಂತು ಕಳಚಿದಳು, ತೂರಿಸಿದಳು,
ಕಳಚಿದಳು. ಮೂರು ಸಲ. ಮೂರು ಸಾವಿನ ಮನೆ.

ಹೆಸರು ಹೇಳಿ, ಪಾಯಿಂಟು ಸೇರಿಸುತ್ತೇನೆ.
"ಯೊಮ್ ಹ್ವಾಜಾ. ಪಾಯಿಂಟು ಬೇಡ."

ಹದಿನಾಲ್ಕು ದಿನದೊಳಗೆ ವಾಪಸ್ ತರಬಹುದು, ಎಂದೆ,
ಬಿಲ್ ಮಾತ್ರ ಜೋಪಾನ.
ಆಕೆ ಬಿಲ್ಲನ್ನು ನಾಲ್ಕಾಗಿ ಮಡಚಿ, ಮತ್ತೊಮ್ಮೆ ಮಡಚಿ,
ಬಲಗಾಲಿನ ಮೂತಿಯೊಳಕ್ಕೆ ತುರುಕಿ,
ಬೆರಳು ಆಡಿಸಿ ನೋಡಿ,
"ಈಗ ಸರಿ," ಎಂದಳು.