ಬೀಜದ ಬೆಕ್ಕು

ಗ್ರಿಮ್ಸ್‌ಬಿಗೆ ಬಂದ ಮೇಲೆ ನನ್ನ ಹಿಂದೆ ಬಿದ್ದ
ಮೊದಲ ಗಂಡಸು ಅವನೇ.
ತಪ್ಪು ನನ್ನದು. ದಿನವಿಡೀ ಮೀನಿನ ಫ್ಯಾಕ್ಟರಿಯ ಲ್ಯಾಬಿನಲ್ಲಿ
ಹ್ಯಾಡಕ್ ಅರೆದು, ಗಾಜಿನ ಬಿಲ್ಲೆಗೆ ಸವರಿ
ಕ್ರಿಮಿ ಎಣಿಸುತ್ತೇನೆ.
ಎಂದೂ ಬಾಯಿಗಿಡದ್ದು
ಕೂದಲಿಗಂಟಿ ಮನೆಗೆ ಬರುತ್ತದೆ.

ಹಿತ್ತಿಲ ಗೋಡೆಯ ಮೇಲೆ ಕಾದಿದ್ದ:
ಕೆಂಚು ಮೈ, ಹರಿದ ಎಡಗಿವಿ,
ಸೊಸೈಟಿ ಅಧ್ಯಕ್ಷರ ಹಾಗೆ ಊದಿದ ಕೆನ್ನೆ,
ತಿರುಗಿ ಹೊರಟರೆ ಬಾಲದ ಬುಡದಲ್ಲಿ
ಎರಡು ಗಜ್ಜುಗ, ಯಾರ ಮುಲಾಜೂ ಇಲ್ಲದೆ.

ಅಡುಗೆಮನೆ ಕಿಟಕಿ ಗೇಣು ತೆರೆದಿದ್ದರೆ ಸಾಕು.
ಬಂದ, ಮೊಸರನ್ನ ಮೂಸಿದ, ಬೇಡವೆಂದ.
ವಾಷಿಂಗ್ ಮೆಷಿನ್ನಿಗೊಂದು, ನನ್ನ ಬೂಟಿಗೊಂದು,
ಬಾಗಿಲ ಸಂದಿಗೊಂದು ಚಿಮುಕಿಸಿ
ಸರ್ವೆ ಕಲ್ಲು ನೆಟ್ಟು ಹೋದ.
ವಿನೆಗರ್ ಹಾಕಿ ತೊಳೆದೆ, ಸೋಡಾ ಹಾಕಿ ಉಜ್ಜಿದೆ.
ಒಗ್ಗರಣೆಯ ಇಂಗೂ ಸೋತಿತು.

ರಾತ್ರಿ ಎರಡಕ್ಕೆ, ಕಸದ ಡಬ್ಬಗಳ ಓಣಿಯಲ್ಲಿ,
ಹಸುಗೂಸು ಅತ್ತ ಹಾಗೆ.
ಎದ್ದು ಕೂತವಳಿಗೆ ಒಂದು ಗಳಿಗೆ
ಇದು ಯಾವ ಊರೆಂದೇ ತಿಳಿಯುವುದಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು
ಇಲಿಗಳು ಸಭೆ ಸೇರಿದ್ದವಂತೆ. ನಾನು ಒಬ್ಬಳೇ ಸೇರಿ
ಕಾಗದದ ಪಟ್ಟಿ ಕತ್ತರಿಸಿದೆ. ವೆಟ್ ಹತ್ತಿರದ ಹುಡುಗಿ ಹೇಳಿಕೊಟ್ಟ ಉಪಾಯ:
‘ಈ ಬೆಕ್ಕು ನಿಮ್ಮದೇ? ಆಗಿದ್ದರೆ
ದಯವಿಟ್ಟು ಆಪರೇಶನ್ ಮಾಡಿಸಿ.’ ಕೆಳಗೆ ನನ್ನ ನಂಬರು.
ಖರ್ಚು: ಸಾರ್ಡೀನ್ ಡಬ್ಬಿ ಒಂದು,
ಮೊಣಕೈವರೆಗೆ ಗೀರು.

ನಾಲ್ಕನೇ ದಿನ, ಪಟ್ಟಿಯ ತುಂಬ ಬರಹ ಹೊತ್ತು
ಅಂಚೆಯವನಂತೆ ಹೊಸ್ತಿಲಲ್ಲಿ ಕೂತ.
ನೀಲಿ ಇಂಕು: ನಮ್ಮದಲ್ಲ. ನಾವು ಬ್ರಯನ್ ಅಂತೇವೆ.
ಪೆನ್ಸಿಲ್ಲು: ಗುರುವಾರ ನಮ್ಮಲ್ಲಿ ಕೋಳಿ ತಿನ್ನುತ್ತಾನೆ. ನಮ್ಮದಲ್ಲ.
ಗುಲಾಬಿ, ಲಿಪ್‌ಸ್ಟಿಕ್ಕೋ ಏನೋ:
ನಮ್ಮ ಡಾಟಿಗೆ ಐದು ಮರಿ, ಮೂರು ಕೆಂಚು, ದುಡ್ಡು ಯಾರು ಕೊಡ್ತೀರಿ?
ಹದಿನೇಳನೇ ಮನೆಯ ಬ್ಲ್ಯಾಂಚರ್ಡ್ ಮಾತ್ರ ಫೋನು ಮಾಡಿದ:
‘ಬಿಡಮ್ಮ ಪಾಪ, ಗಂಡಸಿಗೆ ಹಾಗೆಲ್ಲ ಮಾಡಬಾರದು.’
‘ಬೆಕ್ಕು ನಿಮ್ಮದಾ?’
‘ಅಯ್ಯೋ, ಇಲ್ಲಪ್ಪ.’

ಗಂಡಸಿಗೆ ಹಾಗೆಲ್ಲ ಮಾಡಬಾರದು.
ಕೇಳಿದ್ದೇನೆ ಇದನ್ನ, ಕನ್ನಡದಲ್ಲೇ,
ಹಿರಿಯೂರಿನ ಹತ್ತಿರ, ಶಾಲೆಯಲ್ಲಿ ನಡೆದ ಕ್ಯಾಂಪಿನ ಹೊರಗೆ.
ಒಳಗೆ ನಾವು ಮಗ್ಗಿ ಹೇಳುವ ಬೆಂಚುಗಳ ಮೇಲೆ
ಸಾಲಾಗಿ ಹೆಂಗಸರು, ಅವರಲ್ಲಿ ಅಮ್ಮ, ಇಪ್ಪತ್ತಾರು ವರ್ಷ.
ಹೊರಗೆ ಬೇವಿನ ಕೆಳಗೆ ಅಪ್ಪ, ಎಲೆಯಡಿಕೆ.
‘ನಿಮ್ಮದಾದರೆ ಐದು ನಿಮಿಷದ ಕೆಲಸ’ ಎಂದ ನರ್ಸಮ್ಮನಿಗೆ
ಬೇವಿನಡಿಯ ಅಷ್ಟೂ ಜನ ನಕ್ಕರು.
ಸಂಜೆ ಕುಲುಕುವ ಗಾಡಿಯಲ್ಲಿ
ಹೊಟ್ಟೆ ಹಿಡಿದು ಕೂತಳು ಅಮ್ಮ.
ಎಳೆದದ್ದು ಬೀಜ ಒಡೆಸಿದ ಜೋಡೆತ್ತು.
ಅವಕ್ಕೆ ಮಾಡಬಹುದಿತ್ತು.

ಮೂರು ವಾರ ಕಾದೆ. ಮೈಯಲ್ಲಿ ಚಿಪ್ಪೂ ಇರಲಿಲ್ಲ.
ಬುಧವಾರ ಪೆಟ್ಟಿಗೆಯೊಳಗೆ ಬ್ರಯನ್ ಬೈಯುತ್ತಿದ್ದ,
ಇಡೀ ಟ್ಯಾಕ್ಸಿಗೆ ಕೇಳುವಂತೆ.
ಫಾರಮ್ಮಿನಲ್ಲಿ ‘ಮಾಲೀಕರು’ ಎಂಬಲ್ಲಿ ಚುಕ್ಕಿಗೆರೆ.
‘ಬೀದಿ’ ಎಂದು ಬರೆದರೆ ನಡೆಯುವುದಿಲ್ಲವಂತೆ.
ಅಮ್ಮ ಏಳನೇ ಕ್ಲಾಸು ಪಾಸು, ಅಕ್ಷರ ಮುತ್ತು;
ಆದರೂ ಅವತ್ತು ಅವಳ ಕಾಗದದ ಮೇಲೆ ಬಿದ್ದದ್ದು
ಅಪ್ಪನ ಸಹಿ.
ಇವತ್ತು ಇವನದರ ಮೇಲೆ ನನ್ನದು.
ಕೇಳಿಯೇನೂ ಮಾಡಲಿಲ್ಲ ನಾನೂ.

ಒಂಬತ್ತು ದಿನ ಪತ್ತೆಯಿಲ್ಲ.
ಗುರುವಾರದ ಕೋಳಿಗೂ ಹೋಗಲಿಲ್ಲವೆಂದು ಸುದ್ದಿ.
ಹತ್ತನೆಯ ದಿನ ಕಿಟಕಿಯಿಂದ ಇಳಿದ,
ಯಾರ ಮನೆಯೋ ಎಂಬಂತೆ ನೋಡಿದ,
ಬೂಟಿನ ಹತ್ತಿರ ಹೋಗಿ ಬೆನ್ನು ಹಾಕಿ ನಿಂತು
ಬಾಲ ನೆಟ್ಟಗೆ ಮಾಡಿ ನಡುಗಿಸಿದ.
ಏನೂ ಬರಲಿಲ್ಲ.

ಅವನು ಕತ್ತು ತಿರುಗಿಸಿ ನೋಡಿಕೊಂಡ.
ನಾನು ಪಾತ್ರೆ ತೊಳೆಯುತ್ತಿದ್ದವಳ ಹಾಗೆ
ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟೆ.
ಬೂಟನ್ನು ಮಾತ್ರ
ಪಕ್ಕಕ್ಕೆ ಸರಿಸಲಿಲ್ಲ.