ಊದಿ ನೋಡುವ ಗಿರಾಕಿ

ಬಣ್ಣ ಕೇಳಲಿಲ್ಲ, ದರ ಕೇಳಲಿಲ್ಲ.
ಅಸ್ತರಿನ ಥಾನಿನ ತುದಿ ಹಿಡಿದು
ತುಟಿಗೊತ್ತಿ ಊದಿದರು ಇನಾಸ್‌ಬಾಬ,
ಬಿಸಿ ಗಂಜಿ ಆರಿಸುವವರ ಹಾಗೆ.

ಕಾಜುಬಾಗದ ಈ ಅಂಗಡಿಯಲ್ಲಿ ಹದಿನಾರು ವರ್ಷ.
ಬಟ್ಟೆ ಉಜ್ಜಿದವರು, ಮೂಸಿದವರು,
ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟು ನೋಡಿದವರು
ಎಲ್ಲ ಬಂದಿದ್ದಾರೆ.
ಊದಿದವರು ಇವರೊಬ್ಬರೇ.
"ಉಸಿರು ಆಚೆ ದಾಟ್ತದೆ ಶೇವಂತಿ,
ಇದು ಆಗಲಿಕ್ಕಿಲ್ಲ."

ದಾಬೋಳಿಯ ಹ್ಯಾಂಗರಿನಲ್ಲಿ ಮೂವತ್ತು ವರ್ಷ
ನಿಜದ ವಿಮಾನಗಳ ಹೊಟ್ಟೆಯಡಿ ಅಂಗಾತ ಮಲಗಿದ್ದವರು.
ಈಗ ಕೋಡಿಬಾಗದ ಜಗಲಿಯಲ್ಲಿ
ಬಾಲ್ಸಾ ಮರದ ಪಕ್ಕೆಲುಬು ಜೋಡಿಸಿ
ಮಾರುದ್ದದ ರೆಕ್ಕೆಗೆ ಮೈ ಹುಡುಕುತ್ತಿದ್ದಾರೆ.

ನಾಲ್ಕು ಥಾನಿನಿಂದ ಗೇಣಗಲದ ನಾಲ್ಕು ತುಂಡು.
ಗಂಜಿ ಬಿಡಿಸಿ, ಒಣಗಿಸಿ,
ರಾಯ್ಕರರ ಬಂಗಾರದ ತಕ್ಕಡಿಗೆ ಒಯ್ದೆವು.
ರಾಯ್ಕರರು ಕನ್ನಡಕ ತೆಗೆದು ಒರೆಸಿ
ಮತ್ತೆ ಹಾಕಿಕೊಂಡು ತೂಗಿದರು.
ನೈಲಾನು ಗಟ್ಟಿ, ಆದರೆ ಭಾರ.
ವಾಯಿಲು ಹಗುರ, ಆದರೆ ಜರಡಿ;
ಬಳಿದಷ್ಟೂ ಡೋಪು ಕುಡಿದು
ಕೊನೆಗೆ ಅದೂ ಭಾರ.
ಪಾಲಿಯೆಸ್ಟರು ಇಸ್ತ್ರಿಯ ಮಾತು ಬಿಟ್ಟು
ಬೇರೆ ಯಾರ ಮಾತೂ ಕೇಳುವುದಿಲ್ಲ.
ಗೆದ್ದದ್ದು ರೇಷ್ಮೆ, ಒಂದೂವರೆ ಮೀಟರು:
ತಾಂಡೇಲರ ಮನೆ ಮದುಮಗಳು ಪ್ರಮೀಳೆಯ
ರವಿಕೆಯೊಳಗೆ ಹೋಗಿ ಉಳಿದದ್ದು.
ಅರಿಶಿನ ಬಣ್ಣ.
"ಇರಲಿ, ನೀರಿಗೆ ಬಿದ್ದರೆ ಕಾಣ್ತದೆ."

"ಉದ್ದ ನೂಲು ರೆಕ್ಕೆಯ ಉದ್ದಕ್ಕೇ ಬರಬೇಕು."
ಗೊತ್ತು, ಎಂದೆ.
ಮೊದಲು ಕೆಳಮೈ. ಅಲ್ಲಿ ರೆಕ್ಕೆಗೆ ತಗ್ಗಿದೆ;
ಒಂದೊಂದು ಪಕ್ಕೆಲುಬಿಗೂ ಅಂಟು ಹಿಡಿಸದಿದ್ದರೆ
ಬಿಗಿಯುವಾಗ ಬಟ್ಟೆ ಕೈಬಿಟ್ಟು ನೆಟ್ಟಗಾಗುತ್ತದೆ.
ಇದು ಅವರು ಕಲಿಸಿದ್ದು.
ರೆಕ್ಕೆಯ ತುದಿಯ ದುಂಡಿಗೆ ಬಂದಾಗ
ಕತ್ತರಿ ಎತ್ತಿಕೊಂಡರು, ಅಂಚಿಗೆ ಕಚ್ಚು ಹಾಕಲು.
ಕೈ ಹಿಡಿದೆ.
"ಬಾಬ, ಹ್ಯಾಂಗರಿನಲ್ಲಿ ತೋಳು ಹೊಲಿದಿದ್ದೀರಾ?"
ಒದ್ದೆ ಮಾಡಿ, ಓರೆಯಲ್ಲಿ ಎಳೆದು,
ಹೆಗಲಿಗೆ ತೋಳು ಕೂರಿಸುವ ಹಾಗೆ
ಚೂರು ಚೂರೇ ಕೂರಿಸಿದೆ.
ಒಂದೂ ನೆರಿಗೆ ಇಲ್ಲ.
(ಒಂದಿತ್ತು. ಎಡಗಡೆ, ಮೂರನೆಯ ಪಕ್ಕೆಲುಬಿನ ಹತ್ತಿರ.
ಹೇಳಲಿಲ್ಲ.)

ಡೋಪಿನ ವಾಸನೆ ಥೇಟ್ ಉಗುರುಬಣ್ಣದ್ದು.
ಬೀದಿಗೆ ಬೀದಿಯೇ ಮದರಂಗಿ ಬಿಟ್ಟು
ಉಗುರು ಚಾಚಿ ಕೂತಿದೆಯೋ ಎನ್ನುವಷ್ಟು.
ಅಕ್ಟೋಬರಿನ ಸಂಜೆ ಮೊದಲ ಕೈ ಬಳಿದೆವು.
ಕಡಲ ಕಡೆಯ ಕಿಟಕಿಯಿಂದ ತೇವ ಒಳಬಂತು;
ನೋಡುತ್ತಿದ್ದಂತೆ ಅರಿಶಿನದ ಮೇಲೆ
ಹಾಲು ಒಡೆದ ಹಾಗೆ ಬಿಳುಪು.
ಇನಾಸ್‌ಬಾಬ ಮಾತಾಡದೆ ಎದ್ದು ಹೋದರು.
ಸೋತವರ ನಡಿಗೆ ಹಿಂದಿನಿಂದಲೂ ತಿಳಿಯುತ್ತದೆ.

ತಿಂಗಳೆರಡು ಕಳೆದವು.
ಘಟ್ಟದಿಂದ ಬೆಳಗಿನ ಒಣಗಾಳಿ ಇಳಿಯತೊಡಗಿದ ಮೇಲೆ
ಒಂದು ದಿನ ಏಳು ಗಂಟೆಗೇ ಬಂದು ಕರೆದರು.
ತಿನ್ನರು ಸವರಿದರೆ ಬಿಳುಪು
ಇದ್ದಲ್ಲೇ ಕರಗಿತು, ಮುನಿಸಿನ ಹಾಗೆ.
ಎರಡನೆಯ ಕೈ, ಮೂರನೆಯ ಕೈ.
ಮಣೆಗೆ ಪಿನ್ನು ಹೊಡೆದು ರಾತ್ರಿಯಿಡೀ ಬಿಟ್ಟೆವು,
ಬಿಗಿಯುವಾಗ ರೆಕ್ಕೆ ಕತ್ತು ತಿರುಗಿಸದಿರಲೆಂದು.
ಮರುದಿನ ನಡುಬೆರಳಿಂದ ತಟ್ಟಿದರು:
ಧಿಂ.
ಘುಮಟೆಯ ಚರ್ಮ ಬೆಂಕಿಗೆ ಕಾಸಿದ ಮೇಲೆ
ಕೊಡುವ ಸದ್ದು ಅದು.
ಮತ್ತೊಮ್ಮೆ ತಟ್ಟಿದರು, ಸುಮ್ಮನೆ.

ಮಾಜಾಳಿಯ ಮರಳು, ಇಳಿತದ ಹೊತ್ತು.
ರಬ್ಬರು ತಿರುಚಿ ತಿರುಚಿ ಕೈಬಿಟ್ಟರು.
ಬಲೆ ಬಿಡಿಸುತ್ತಿದ್ದವರು ತಲೆಯೆತ್ತಿದರು.
ಬಿಸಿಲು ಬಟ್ಟೆಯೊಳಗೆ ಹಾದು
ಪಕ್ಕೆಲುಬು ಒಂದೊಂದೂ ಕಂಡವು.
ಎಲ್ಲರೂ ವಿಮಾನ ನೋಡುತ್ತಿದ್ದರೆ
ನಾನು ಎಡಗಡೆಯ ಮೂರನೆಯದನ್ನೇ ನೋಡುತ್ತಿದ್ದೆ.
ನಲವತ್ತೊಂದು ಎಣಿಸುವವರೆಗೆ ಹಾರಿತು.
ಇಳಿದಾಗ ಮೂಗಿನ ತುಂಬ ಮರಳು.

ಜನವರಿಯಲ್ಲಿ ಪ್ರಮೀಳೆ ಬಂದಳು.
ರವಿಕೆ ಬಿಗಿಯಂತೆ, ಒಂದು ಬೆರಳು ಸಡಿಲ ಬೇಕಂತೆ.
ಹೊಲಿಗೆ ಬಿಚ್ಚಿದೆ:
ಒಳಗೆ ಅದೇ ಅರಿಶಿನ,
ಬೆವರಿನ ಗುರುತು ಕಂಕುಳಲ್ಲಿ.
ಅಭ್ಯಾಸಬಲ, ತುಟಿಗಿಟ್ಟು ಊದಿಬಿಟ್ಟೆ.
"ಯಾಕಕ್ಕಾ," ಎಂದಳು,
"ಇಸ್ತ್ರಿ ಬಿಸಿ ಇನ್ನೂ ಆರಲಿಲ್ವಾ?"