ಎರಡೂ ಕಡೆ

ಮಂಡ್ಯದ ತಾಲ್ಲೂಕು ಕಚೇರಿಯ ಎದುರು
ಆರಡಿ ಅಗಲದ ಅಂಗಡಿ ನನ್ನದು.
ನಾನು, ಜೆರಾಕ್ಸ್ ಮಿಷನ್ನು, ಒಂದು ಸ್ಟೂಲು, ಅಷ್ಟಕ್ಕೇ ತುಂಬಿತು.
ಫ್ಯಾನಿದೆ. ಅದರ ಗಾಳಿ ಕಾಗದ ಹಾರಿಸುವುದಕ್ಕೆ,
ನನಗಲ್ಲ.

ಬೆಳಗ್ಗೆ ಶಟರ್ ಎತ್ತಲು ಬಂದರೆ
ಬಾಗಿಲಿಗೆ ಅಡ್ಡ ಯಾರದೋ ಬುಲೆಟ್ಟು, ಹ್ಯಾಂಡಲ್ ಲಾಕು.
ಸೀಟಿನ ಮೇಲೆ ಕಾಗೆ ಹೇತದ್ದು ಕಂಡು
ಒಸಿ ಸಮಾಧಾನ.

"ಅಕ್ಕ, ಆಧಾರ್ ಒಂದು. ಎರಡೂ ಕಡೆ ಬರ್ಲಿ.
ಒಂದೇ ಹಾಳೇಲಿ ಬರ್ಲಿ.
ಕಾಸು ಒಂದಕ್ಕೆ ತಾನೆ?"
ಒಂದು ಕಡೆಗೆ ಎರಡು ರೂಪಾಯಿ ಅಂತ
ಕೆಂಪಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.
ಓದು ಬಾರದವರು ಸುಮ್ಮನೆ ಕೊಡುತ್ತಾರೆ.
ಓದಿದವರು ವಾದ ಮಾಡುತ್ತಾರೆ.

ಆ ಎರಡು ರೂಪಾಯಿಗೂ ಈಗ ಫೋನೇ ಎತ್ತಬೇಕು.
ಡಬ್ಬಿಯೊಳಗಿನ ಹೆಂಗಸು
ಪಟ್ಟಾಭಿಷೇಕ ಸಾರಿದ ಹಾಗೆ ಸಾರುತ್ತಾಳೆ:
ಎರಡು ರೂಪಾಯಿ ಸ್ವೀಕರಿಸಲಾಗಿದೆ!
ಪಿಗ್ಮಿ ಕಟ್ಟಿಸಿಕೊಳ್ಳುವ ಜವರಾಜು
ಪಕ್ಕದ ಬೀಡಾ ಅಂಗಡಿಯಲ್ಲಿ ನಿಂತು ಲೆಕ್ಕ ಹಾಕುತ್ತಾನೆ.
"ಇವತ್ತು ವ್ಯಾಪಾರ ಇಲ್ಲ ಕಣಣ್ಣ"
ಅನ್ನುವ ಒಂದು ಸುಳ್ಳಿತ್ತು ನನ್ನ ಹತ್ತಿರ,
ಅದನ್ನೂ ಕಿತ್ತುಕೊಂಡಳು.

"ವಾಟ್ಸಪ್ ಮಾಡಿದೀನಿ, ಪ್ರಿಂಟ್ ಕೊಡಿ" ಅಂತಾನೆ ಹುಡುಗ.
ತೆಗೆದು ನೋಡಿದರೆ ಮಾರ್ಕ್ಸ್ ಕಾರ್ಡು ಮಸುಕು,
ಮೂಲೆಯಲ್ಲಿ ಅವನ ಹೆಬ್ಬೆರಳು,
ಪಕ್ಕದಲ್ಲಿ ಉಪ್ಪಿಟ್ಟಿನ ತಟ್ಟೆ.
ಉಪ್ಪಿಟ್ಟು ಮಾತ್ರ ಕರಿಬೇವಿನ ಸಮೇತ ಸ್ಪಷ್ಟ.
ಒಂದು ಸಲ ನಂಬರ್ ಕೊಟ್ಟ ತಪ್ಪಿಗೆ
ಇಡೀ ತಾಲ್ಲೂಕು ಬೆಳಗಾಗುವ ಮುಂಚೆ
ನನಗೆ ಗುಲಾಬಿ ಹೂವು ಕಳಿಸುತ್ತದೆ.

ಕಚೇರಿಯಲ್ಲಿ ಸರ್ವರ್ ಇಲ್ಲವಂತೆ. ಇವತ್ತೂ.
ಒಳಗೆ ಬೈಯಲಾರದವರು ಹೊರಗೆ ಬಂದು
ನನ್ನ ಮುಖ ನೋಡಿ ಬೈಯುತ್ತಾರೆ,
ನಾನೇ ಅದನ್ನು ಸೆರಗಿಗೆ ಗಂಟು ಹಾಕಿಕೊಂಡ ಹಾಗೆ.
"ಎಷ್ಟೊತ್ಗೆ ಬಂದದವ್ವ ಅದು?"
ಬಸರಾಳಿನ ಮುದುಕ ಬಸ್ಸು ವಿಚಾರಿಸಿದಂತೆ ಕೇಳಿದ.
ಬಾಯಿಗೆ ಬಂತು, "ಹನ್ನೊಂದೂವರೆಗೆ" ಅಂದೆ.
ಹೋಗಿ ಹೊಂಗೆ ಮರದ ಕೆಳಗೆ ಕೂತ.
ಹನ್ನೊಂದೂವರೆಗೆ ಬಂದೇ ಬಂತು.
ಅವತ್ತಿಂದ ನನ್ನನ್ನು ಅಧಿಕಾರಿ ಅಂದುಕೊಂಡಿದ್ದಾನೆ.

ಟೀಗೆ ಸಕ್ಕರೆ ಬೇಡ ಅಂತ ದಿನಾ ಹೇಳುತ್ತೇನೆ.
ದಿನಾ ಪಾಯಸ ಬರುತ್ತದೆ.
"ಮಂಡ್ಯದಲ್ಲಿದ್ಕಂಡು ಸಪ್ಪೆ ಕುಡ್ದರಾ ಅಕ್ಕ?"
ಲೋಟದ ತಳದಲ್ಲಿ ಉಳಿದ ಸಕ್ಕರೆಗೆ
ಮಧ್ಯಾಹ್ನ ಇರುವೆ ಬರುತ್ತದೆ,
ಇರುವೆ ಮಿಷನ್ನಿನೊಳಗೆ ಹೋಗುತ್ತದೆ,
ಯಾರದೋ ಜಾತಿ ಪ್ರಮಾಣಪತ್ರದ ಮೇಲೆ
ಒಂದು ಪೂರ್ಣವಿರಾಮ ಹೆಚ್ಚಾಗುತ್ತದೆ.

ಕೊತ್ತತ್ತಿ ಕಡೆಯ ಅಜ್ಜಿ ಬಂದಳು ಮೊನ್ನೆ.
ರೇಷನ್ ಕಾರ್ಡಿನಲ್ಲಿ ಕೆಂಪಾಜಮ್ಮ,
ಆಧಾರಿನಲ್ಲಿ ಕೆಂಪರಾಜಮ್ಮ.
ಅಫಿಡವಿಟ್ಟು, ನೋಟರಿ, ಇಬ್ಬರೂ ಒಬ್ಬಳೇ ಎಂದು
ಛಾಪಾ ಕಾಗದದಲ್ಲಿ ಆಣೆ, ಎಲ್ಲ ವಿವರಿಸಿದೆ.
ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ
"ಮದುವೇಲೂ ನನ್ನ ಇಷ್ಟು ನೋಡಿರ್ಲಿಲ್ಲ ಕನವ್ವ," ಅಂದಳು.
"ಇಬ್ರಿಗೂ ಸೇರ್ಸಿ ಒಂದೇ ದುಡ್ಡು ತಕ್ಕೊ."

ಅಷ್ಟರಲ್ಲಿ ಕರೆಂಟು ಹೋಯಿತು.
ಮಿಷನ್ನಿನ ಬಾಯಲ್ಲಿ ಅರ್ಧ ಕಾಗದ,
ಕಾಗದದಲ್ಲಿ ಅರ್ಧ ಕೆಂಪಾಜಮ್ಮ,
ಒಂದು ಕಣ್ಣು, ಒಂದು ಮೂಗುಬೊಟ್ಟು.
ಎಳೆದರೆ ಹರಿಯುತ್ತದೆ.
ಸ್ಟೂಲು ಕೊಟ್ಟೆ. ಕೂತಳು.
ಸೊಸೆ ಟಿವಿ ಸದ್ದು ಕಮ್ಮಿ ಮಾಡಲ್ಲ ಅಂದಳು.
ಸೊಳ್ಳೆ ಬ್ಯಾಟು ತಿಂಗಳೊಪ್ಪತ್ತೂ ಬಾಳಲಿಲ್ಲ ಅಂದೆ.
ಬಸ್ಸು ಕೈ ಅಡ್ಡ ಹಾಕಿದರೂ ನಿಲ್ಲಿಸಲ್ಲ ಅಂದಳು.
ಮುಕ್ಕಾಲು ಗಂಟೆ. ಕರೆಂಟು ಬಂದಾಗ
ನನಗೆ ಇನ್ನೂ ಹೇಳುವುದಿತ್ತು.

ಪೆನ್ನಿನ ವಿಷಯ ಹೇಳುವುದಿತ್ತು.
ದಾರ ಕಟ್ಟಿಟ್ಟಿದ್ದೆ, ಮೇಜಿನ ಮೊಳೆಗೆ.
ದಾರ ಇದೆ.
ನಾಲ್ಕು ದಿನ ಕಳೆದು ಒಬ್ಬಾತ ಬಂದು
"ಮರ್ತು ಜೇಬಿಗಿಟ್ಕಂಡಿದ್ದೆ, ಕ್ಷಮಿಸಿ ಮೇಡಂ" ಅಂತ
ಎರಡೂ ಕೈಯಲ್ಲಿ ಪೆನ್ನು ನೀಡಿದ.
ನನ್ನದು ನೀಲಿ. ಇದು ಹಸಿರು,
ಗೀಚಿದರೆ ಬರೆಯುವುದಿಲ್ಲ.
ಅದೇ ದಾರಕ್ಕೆ ಕಟ್ಟಿದ್ದೇನೆ.
ಇನ್ನೂ ಯಾರೂ ಕದ್ದಿಲ್ಲ.